ಇಂಗ್ಲಿಷಿನ ತಪ್ಪು-ಸರಿ ಜಗಳಕ್ಕೆ ಯಾವ ಜಾಲತಾಣ ಸಾಕ್ಷಿ? ಐದು ಉಚಿತ ತಾಣಗಳ ವಿಮರ್ಶೆ

‘ಆಫನ್’ ಅನ್ನಬೇಕೋ ‘ಆಫ್ಟನ್’ ಅನ್ನಬೇಕೋ, ‘ಡಿಸ್ಕಸ್ ಅಬೌಟ್’ ತಪ್ಪೋ ಅಲ್ಲವೋ, ‘ಪ್ರಿಪೋನ್’ ಅನ್ನೋ ಪದ ನಿಜವಾಗಿ ಇದೆಯೋ ಇಲ್ಲವೋ. ಆಫೀಸು, ಸ್ಟಾಫ್ ರೂಮು, ಮನೆಯವರ ವಾಟ್ಸಾಪ್ ಗ್ರೂಪು, ಎಲ್ಲಿ ನೋಡಿದರೂ ಈ ತಕರಾರು ತಪ್ಪಿದ್ದಲ್ಲ. ಗೂಗಲ್ ಮಾಡಿ, ಮೊದಲು ಕಂಡದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿ ಗೆದ್ದೆವು ಅಂದುಕೊಳ್ಳುವುದು ಈಗಿನ ರೂಢಿ. ಆದರೆ ಈ ಜಗಳದೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಇವತ್ತು ಯಾವ ಊರಿನವರು ಹೇಗೆ ಹೇಳುತ್ತಾರೆ? ಆ ರೂಪ ಎಷ್ಟು ಹಳೆಯದು? ಅದನ್ನು ಕೇಳಿದರೆ ಯಾರಿಗೆ ಸಿಟ್ಟು ಬರುತ್ತದೆ? ಒಂದು ತಾಣ ಮೂರಕ್ಕೂ ಸರಿಯಾಗಿ ಉತ್ತರ ಕೊಡುವುದಿಲ್ಲ. ಕೇಂಬ್ರಿಜ್ ಡಿಕ್ಷನರಿ, ಮೆರಿಯಮ್-ವೆಬ್‌ಸ್ಟರ್, ಯೂಗ್ಲಿಷ್, ಗೂಗಲ್ ಎನ್‌ಗ್ರಾಮ್ ವ್ಯೂವರ್, ಗ್ಲೋಬ್ (GloWbE) ಎಂಬ ಕಾರ್ಪಸ್ ಅಂದರೆ ಬರಹಗಳ ಸಂಗ್ರಹ, ಈ ಐದನ್ನು ಇಲ್ಲಿ ತೂಗಿ ನೋಡಿದೆ. ಯಾವುದಕ್ಕೂ ದುಡ್ಡು ಕಟ್ಟಬೇಕಿಲ್ಲ.

ಉಚ್ಚಾರದ ಪ್ರಶ್ನೆಗೆ ಮೊದಲು ತೆರೆಯಬೇಕಾದ್ದು ಕೇಂಬ್ರಿಜ್. ಪದ ಹಾಕಿದರೆ ಬ್ರಿಟಿಷ್, ಅಮೆರಿಕನ್ ಎಂದು ಎರಡು ಸ್ಪೀಕರ್ ಗುರುತು ಬರುತ್ತವೆ, ಪಕ್ಕದಲ್ಲೇ ಅಂತರರಾಷ್ಟ್ರೀಯ ಧ್ವನಿಲಿಪಿ, ಅಂದರೆ ಉಚ್ಚಾರವನ್ನು ಬರೆದು ತೋರಿಸುವ ಗುರುತುಗಳು, ಇರುತ್ತದೆ. ‘ಷೆಡ್ಯೂಲ್’–‘ಸ್ಕೆಜೂಲ್’ ಜಗಳ ಇಲ್ಲಿ ನಿಮಿಷದೊಳಗೆ ಮುಗಿಯುತ್ತದೆ: ಮೊದಲನೆಯದು ಬ್ರಿಟನ್ನಿನದು, ಎರಡನೆಯದು ಅಮೆರಿಕದ್ದು. ಬ್ರಿಟನ್ನಿನ ಹೊಸ ತಲೆಮಾರಿನ ಬಾಯಲ್ಲಿ ‘ಸ್ಕ’ ಹೆಚ್ಚುತ್ತಿದೆ ಎನ್ನುವುದು ಬೇರೆ ಮಾತು. ‘ಆಫನ್’ಗೆ ಇಲ್ಲಿ ಟಕಾರ ಇರುವ ರೂಪವೂ ಇದೆ, ಇಲ್ಲದ ರೂಪವೂ ಇದೆ. ಹಾಗಾಗಿ ‘ಆಫ್ಟನ್’ ಅಂದವರನ್ನು ನಡುವೆ ತಡೆದು ತಿದ್ದುವವರಿಗೆ ಇಲ್ಲಿ ಬೆಂಬಲ ಸಿಗುವುದಿಲ್ಲ.

ಆದರೆ ಸ್ಪೀಕರ್ ಒತ್ತಿ ಕೇಳಿ ಬಿಟ್ಟರೆ ಕನ್ನಡದ ಕಿವಿಗೆ ಅರ್ಧವೇ ದಕ್ಕುತ್ತದೆ. ಕನ್ನಡದಲ್ಲಿ ಒಂದು ಅಕ್ಷರವನ್ನು ಒತ್ತಿ ಪಕ್ಕದ್ದನ್ನು ನುಂಗುವ ಪದ್ಧತಿ ಇಲ್ಲ, ಎಲ್ಲಕ್ಕೂ ಹೆಚ್ಚುಕಮ್ಮಿ ಒಂದೇ ತೂಕ. ಹಾಗಾಗಿ ಧ್ವನಿಲಿಪಿಯಲ್ಲಿ ನೋಡಬೇಕಾದ್ದು ಮೇಲೆ ನಿಂತಿರುವ ಪುಟ್ಟ ಗೀಟು. ಅದು ಒತ್ತು ಬೀಳುವ ಭಾಗದ *ಮುಂಚೆ* ಬರುತ್ತದೆ. ಹಿಂದಿನ ಭಾಗಕ್ಕೆ ಸೇರಿದ್ದು ಎಂದು ಓದುವವರೇ ಹೆಚ್ಚು. ‘ಡೆವಲಪ್’ನಲ್ಲಿ ಗೀಟು ಇರುವುದು ‘ವೆ’ ಮುಂದೆ. ನಾವು ‘ಡೆ’ ಒತ್ತಿ ‘ಡೆವ್ಲಪ್’ ಮಾಡುತ್ತೇವೆ. ‘ಹೋಟೆಲ್’ಗೆ ಒತ್ತು ‘ಟೆ’ ಮೇಲೆ. ‘ಡಿಟರ್ಮಿನ್’ಗೆ ‘ಟರ್’ ಮೇಲೆ, ಕೊನೆಯದು ‘ಮಿನ್’, ‘ಮೈನ್’ ಅಲ್ಲ. ಇನ್ನೊಂದು ಗುರುತು ತಲೆಕೆಳಗಾದ ಇಂಗ್ಲಿಷ್ ‘ಇ’ (ə) ಅಕ್ಷರ, ಷ್ವಾ ಅನ್ನುತ್ತಾರೆ. ಅದು ಕಂಡಲ್ಲಿ ಬಾಯಿ ಅರ್ಧ ತೆರೆದು ದಾಟಿಬಿಡಬೇಕು, ಪೂರ್ಣ ‘ಆ’, ‘ಓ’ ತುಂಬಬಾರದು. ‘ಕಂಫರ್ಟಬಲ್’ ನಾಲ್ಕು ಭಾಗವಲ್ಲ, ಸಾಮಾನ್ಯವಾಗಿ ಮೂರು. ‘ವೆಜಿಟಬಲ್’ ಕೂಡ ಹಾಗೆಯೇ. ಬ್ರಿಟಿಷ್ ರೂಪದ ಕೊನೆಯಲ್ಲಿ ಮೇಲೆ ಪುಟ್ಟದಾಗಿ ಬರೆದ ‘ಆರ್’ ಇದ್ದರೆ, ಮುಂದಿನ ಪದ ಸ್ವರದಿಂದ ಶುರುವಾದಾಗ ಮಾತ್ರ ಅದನ್ನು ಉಚ್ಚರಿಸಬೇಕು ಎಂದರ್ಥ. ‘ಕಾರ್’ ಒಂಟಿಯಾಗಿದ್ದರೆ ಲಂಡನ್ನಿನಲ್ಲಿ ಬರೀ ‘ಕಾ’.

‘ಡೆಟ್’ನ ಬಿ, ‘ರಿಸೀಟ್’ನ ಪಿ, ‘ಸ್ಯಾಮನ್’ನ ಎಲ್ ಧ್ವನಿಲಿಪಿಯಲ್ಲಿ ಕಾಣುವುದೇ ಇಲ್ಲ. ಅವು ಯಾಕಿಲ್ಲ ಎಂದು ಕೇಂಬ್ರಿಜ್ ಹೇಳುವುದೂ ಇಲ್ಲ. ಫ್ರೆಂಚ್ ಮೂಲಕ ಬಂದ ಪದಗಳಿಗೆ ಲ್ಯಾಟಿನ್ ಮೂಲ ಎದ್ದು ಕಾಣಲಿ ಎಂದು ಪಂಡಿತರು ಆಮೇಲೆ ತುರುಕಿದ ಅಕ್ಷರಗಳು ಇವು, ನಾಲಿಗೆ ಅವನ್ನು ಒಪ್ಪಿಕೊಂಡಿದ್ದೇ ಇಲ್ಲ. ‘ಆಫನ್’ನ ಟಕಾರದ ಕಥೆ ಇದಕ್ಕೆ ತಿರುಗಾಮುರುಗಾ. ಅದು ಒಂದು ಕಾಲಕ್ಕೆ ಬಾಯಲ್ಲಿ ಇತ್ತು, ‘ಲಿಸನ್’, ‘ಸಾಫನ್’, ‘ಕಾಸಲ್’ಗಳ ಟಕಾರದ ಜತೆ ಬಿದ್ದುಹೋಯಿತು, ಅಕ್ಷರ ನೋಡಿ ಓದುವವರು ಹೆಚ್ಚಾದ ಮೇಲೆ ಇದೊಂದು ಮಾತ್ರ ವಾಪಸ್ ಬಂತು. ಇಂಥ ಹಿನ್ನೆಲೆ ಬೇಕೆಂದರೆ ಕೇಂಬ್ರಿಜ್ ಕೆಲಸಕ್ಕೆ ಬಾರದು. ಕಲಿಯುವವರಿಗೆ ಬೇಕಾದ ವ್ಯಾಕರಣದ ಎಚ್ಚರಿಕೆ ಮಾತ್ರ ಚೆನ್ನಾಗಿದೆ: ‘ಡಿಸ್ಕಸ್’ ಆದ ಮೇಲೆ ‘ಅಬೌಟ್’ ಬೇಡ ಎಂದು ನೇರವಾಗಿ ಹೇಳುತ್ತದೆ.

ಬಳಕೆಯ ಜಗಳಕ್ಕೆ, ಅಂದರೆ ‘ಲಿಟರಲಿ’, ‘ಲೆಸ್–ಫ್ಯೂಯರ್’, ಏಕವಚನದ ‘ದೇ’ ಮುಂತಾದವಕ್ಕೆ, ಈ ಐದರಲ್ಲಿ ನನ್ನ ಮೊದಲ ಆಯ್ಕೆ ಮೆರಿಯಮ್-ವೆಬ್‌ಸ್ಟರ್. ನೋವಾ ವೆಬ್‌ಸ್ಟರ್ 1828ರಲ್ಲಿ ತಂದ ನಿಘಂಟಿನ ಹಕ್ಕನ್ನು ಅವನು ತೀರಿಕೊಂಡ ಮೇಲೆ, 1843ರಲ್ಲಿ, ಮೆರಿಯಮ್ ಸೋದರರು ಕೊಂಡುಕೊಂಡರು. ಈ ತಾಣ ಅದೇ ಮನೆತನದ್ದು. ಬೈಗುಳ ತಿಂದ ಅನುಭವ ಇದಕ್ಕೆ ಚೆನ್ನಾಗಿದೆ. 1961ರ ಮೂರನೇ ಆವೃತ್ತಿ ‘ಏಂಟ್’ (ain't) ಪದವನ್ನು ಸಾಕಷ್ಟು ಖಂಡಿಸಲಿಲ್ಲ ಎಂದು ಅಮೆರಿಕದ ಪತ್ರಿಕೆಗಳು ಮುಗಿಬಿದ್ದವು. 2020ರಲ್ಲಿ, ‘ರಿಗಾರ್ಡ್‌ಲೆಸ್’ ಅನ್ನಬೇಕಾದಲ್ಲಿ ಕೆಲವರು ಅನ್ನುವ ‘ಇರ್‌ರಿಗಾರ್ಡ್‌ಲೆಸ್’ ಸೇರಿಸಿಬಿಟ್ಟರಂತೆ ಎಂದು ಮತ್ತೆ ಗದ್ದಲವಾಯಿತು. ಆ ಪದ 1934ರಿಂದಲೇ ಅವರ ನಿಘಂಟಿನಲ್ಲಿ ಇತ್ತು. ನಿಘಂಟಿನಲ್ಲಿದೆ ಅಂದಮಾತ್ರಕ್ಕೆ ‘ಸರಿ’ ಎಂಬ ಮೊಹರು ಬಿದ್ದಂತಲ್ಲ. ಆ ಪದದ ಪಕ್ಕದಲ್ಲೇ ‘ನಾನ್‌ಸ್ಟ್ಯಾಂಡರ್ಡ್’ ಎಂಬ ಚೀಟಿ ಅಂಟಿಸಿರುತ್ತಾರೆ. ಸ್ಕ್ರೀನ್‌ಶಾಟ್ ತೆಗೆಯುವವರು ಆ ಚೀಟಿಯನ್ನು ಕತ್ತರಿಸಿ ಹಾಕುತ್ತಾರೆ, ಅಷ್ಟೇ.

ಇಲ್ಲಿನ ನಿಜವಾದ ಸರಕು ಅರ್ಥಗಳ ಕೆಳಗಿರುವ ಬಳಕೆಯ ಟಿಪ್ಪಣಿ. ‘ಲೆಸ್’ ನೋಡಿ: ಎಣಿಸಬಹುದಾದ ವಸ್ತುಗಳಿಗೆ ಅದನ್ನು ಬಳಸುವುದು ಆಲ್ಫ್ರೆಡ್ ರಾಜನ ಕಾಲದಿಂದ, ಅಂದರೆ 9ನೇ ಶತಮಾನದಿಂದ ಇದೆ ಎಂದು ಟಿಪ್ಪಣಿ ಹೇಳುತ್ತದೆ. ‘ಫ್ಯೂಯರ್’ ಅನ್ನಲೇಬೇಕು ಎಂಬ ನಿಯಮದ ಬೇರು 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ಬರೆದ ಒಂದು ಅಭಿಪ್ರಾಯ. ಅವನು ಹೇಳಿದ್ದು ತನಗೆ ಹಾಗೆ ಚೆನ್ನಾಗಿ ಕಾಣುತ್ತದೆ ಎಂದಷ್ಟೇ. ಅದನ್ನು ಕಾನೂನು ಮಾಡಿದ್ದು ಅವನ ನಂತರದ ಮೇಷ್ಟ್ರುಗಳು. ‘ಮಿಸ್ಚಿವಸ್’ ಪದವನ್ನು ‘ಮಿಸ್ಚೀವಿಯಸ್’ ಅನ್ನುವುದರ ಬಗ್ಗೆಯೂ ಟಿಪ್ಪಣಿ ಇದೆ: ಆ ಕಾಗುಣಿತಕ್ಕೆ 16ನೇ ಶತಮಾನದಿಂದ ಪುರಾವೆ ಸಿಗುತ್ತದೆ, ಆದರೂ ಇವತ್ತಿಗೂ ಶಿಷ್ಟ ಅಲ್ಲ. ಹಳೆಯದು ಎಂಬ ಕಾರಣಕ್ಕೆ ಎಲ್ಲವೂ ಗೆಲ್ಲುವುದಿಲ್ಲ ಅನ್ನುವುದಕ್ಕೆ ಇದೊಂದೇ ಸಾಕು. ‘ನ್ಯೂಕ್ಲಿಯರ್’ಗೆ ‘ನ್ಯೂಕ್ಯುಲರ್’ ಎಂಬ ರೂಪದ ಮುಂದೆ ಭಾಗಾಕಾರದ ಚಿಹ್ನೆ ಹಾಕಿದ್ದಾರೆ. ಅದು ಮುದ್ರಣದೋಷವಲ್ಲ. ಈ ರೂಪ ಚಾಲ್ತಿಯಲ್ಲಿದೆ, ಆದರೆ ಕೆಲವರು ಒಪ್ಪುವುದಿಲ್ಲ ಎಂಬುದರ ಗುರುತು. ಮೂರನೇ ಪ್ರಶ್ನೆಗೆ, ಯಾರಿಗೆ ಸಿಟ್ಟು ಬರುತ್ತದೆ ಎಂಬುದಕ್ಕೆ, ಇಷ್ಟು ಅಚ್ಚುಕಟ್ಟಾದ ಉತ್ತರ ಉಳಿದ ನಾಲ್ಕರಲ್ಲಿ ಎಲ್ಲೂ ಇಲ್ಲ.

ಈ ತಾಣದಲ್ಲಿ ಎಡವುವ ಜಾಗಗಳೂ ಇವೆ. ಮೊದಲನೆಯದು ನಮ್ಮಂಥವರಿಗೇ ವಿಶೇಷ. ಇವರು ಅಂತರರಾಷ್ಟ್ರೀಯ ಧ್ವನಿಲಿಪಿ ಬಳಸುವುದಿಲ್ಲ, ತಮ್ಮದೇ ಗುರುತುಗಳನ್ನು ಇಟ್ಟುಕೊಂಡಿದ್ದಾರೆ. ಸಂಸ್ಕೃತ, ಕನ್ನಡ ಪದಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ಪಂಡಿತ ಪದ್ಧತಿ ಗೊತ್ತಿದ್ದವರು ‘ಎ’ ಅಕ್ಷರದ ತಲೆಯ ಮೇಲೆ ಅಡ್ಡಗೆರೆ ಕಂಡರೆ ದೀರ್ಘ ‘ಆ’ ಎಂದು ಓದುತ್ತಾರೆ. ಇಲ್ಲಿ ಅದು ‘ಡೇ’ ಪದದ ‘ಏ’. ‘ಇ’ ಅಕ್ಷರದ ಮೇಲೆ ಗೆರೆ ಇದ್ದರೆ ನಮ್ಮ ‘ಈ’, ‘ಐ’ ಅಕ್ಷರದ ಮೇಲೆ ಗೆರೆ ಇದ್ದರೆ ನಮ್ಮ ‘ಐ’. ‘ಆ’ ಬೇಕಾದಲ್ಲಿ ‘ಎ’ ಮೇಲೆ ಎರಡು ಚುಕ್ಕಿ, ‘ಊ’ ಬೇಕಾದಲ್ಲಿ ‘ಯು’ ಮೇಲೆ ಎರಡು ಚುಕ್ಕಿ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಕೊಂಡರೆ ಸಾಕು.

ಎರಡನೆಯದು ಅರ್ಥಗಳ ಸಾಲು. ಕಲಿಯುವವರ ನಿಘಂಟುಗಳು ಇವತ್ತು ಹೆಚ್ಚು ಬಳಕೆಯಲ್ಲಿರುವ ಅರ್ಥವನ್ನು ಮೊದಲು ಕೊಡುತ್ತವೆ. ಮೆರಿಯಮ್-ವೆಬ್‌ಸ್ಟರ್‌ನ ಪದ್ಧತಿ ಹುಟ್ಟಿದ ಕ್ರಮ, ಹಳೆಯದು ಮೊದಲು. ‘ಒಂದನೇ ಅರ್ಥವೇ ಅಸಲಿ ಅರ್ಥ’ ಎಂದು ವಾದಿಸುವವರು ಈ ಕ್ರಮವನ್ನು ಗಮನಿಸಿರುವುದಿಲ್ಲ. ‘ಮೊದಲ ಬಳಕೆ’ ಎಂದು ಕೊಡುವ ಇಸವಿಯೂ ಹಾಗೆಯೇ: ಅದು ಯಾವ ಅರ್ಥಕ್ಕೆ ಸೇರಿದ್ದು ಎಂದು ಪಕ್ಕದಲ್ಲೇ ಹೇಳಿರುತ್ತಾರೆ, ನಿಮ್ಮ ಜಗಳದ ಅರ್ಥದ ಇಸವಿ ಬೇರೆಯೇ ಇರಬಹುದು. ಮೂರನೆಯದು ಸಣ್ಣದು. ಎರಡು ರೂಪಗಳ ನಡುವೆ ‘ಆರ್’ ಇದ್ದರೆ ಎರಡೂ ಹೆಚ್ಚುಕಮ್ಮಿ ಸಮ, ‘ಆಲ್ಸೋ’ ಇದ್ದರೆ ಎರಡನೆಯದು ಬಳಕೆಯಲ್ಲಿ ಹಿಂದೆ. ಒಟ್ಟು ದೃಷ್ಟಿ ಅಮೆರಿಕದ್ದು ಎನ್ನುವುದನ್ನೂ ಮರೆಯಬಾರದು.

ಯೂಗ್ಲಿಷ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪದ ಹಾಕಿದರೆ ಯೂಟ್ಯೂಬಿನಲ್ಲಿ ಯಾರಾದರೂ ಅದನ್ನು ಹೇಳಿದ ಜಾಗಕ್ಕೇ ವಿಡಿಯೊ ಹೋಗಿ ನಿಲ್ಲುತ್ತದೆ, ಕೆಳಗೆ ಮಾತಿನ ಸಾಲು ಬರುತ್ತದೆ. ದೇಶ ಆರಿಸಬಹುದು, ವೇಗ ತಗ್ಗಿಸಬಹುದು. ನಿಘಂಟಿನ ಧ್ವನಿ ಒಂಟಿ ಪದದ್ದು. ಇಲ್ಲಿ ವಾಕ್ಯದೊಳಗೆ ಆ ಪದ ಹೇಗೆ ಸವೆಯುತ್ತದೆ ಎನ್ನುವುದು ಕಿವಿಗೆ ಬೀಳುತ್ತದೆ. ಹುಡುಕುವುದು ಕಾಗುಣಿತದ ಮೇಲೆ, ಹಾಗಾಗಿ ‘ರೆಕರ್ಡ್’ ಎಂಬ ನಾಮಪದ, ‘ರಿಕಾರ್ಡ್’ ಎಂಬ ಕ್ರಿಯಾಪದ ಎರಡೂ ಕಲಸಿಕೊಂಡು ಬರುತ್ತವೆ. ಬ್ರಿಟನ್ ಎಂದು ಆರಿಸಿದರೂ ಮಾತಾಡುವವನು ಎಲ್ಲಿಯವನು ಎಂಬುದಕ್ಕೆ ಖಾತ್ರಿ ಇಲ್ಲ. ಒಂದು ವಿಡಿಯೊ ಕೇಳಿ ತೀರ್ಮಾನ ಬೇಡ, ಹತ್ತಾದರೂ ಕೇಳಿ.

ಗೂಗಲ್ ಎನ್‌ಗ್ರಾಮ್ ವ್ಯೂವರ್ 2010ರ ಡಿಸೆಂಬರಿನಲ್ಲಿ ಬಂದದ್ದು. ಸ್ಕ್ಯಾನ್ ಮಾಡಿದ ಪುಸ್ತಕಗಳಲ್ಲಿ ಒಂದು ಪದಗುಚ್ಛ ಯಾವ ವರ್ಷ ಎಷ್ಟು ಬಂದಿದೆ ಎಂದು ಗೆರೆ ಎಳೆದು ತೋರಿಸುತ್ತದೆ. ‘ಯಾವಾಗಿನಿಂದ’ ಎಂಬ ಪ್ರಶ್ನೆಗೆ ಇದರಷ್ಟು ಬೇಗ ಉತ್ತರಿಸುವುದು ಇನ್ನೊಂದಿಲ್ಲ, ಇದರಷ್ಟು ದಾರಿ ತಪ್ಪಿಸುವುದೂ ಇನ್ನೊಂದಿಲ್ಲ.

ಬಳಸುವ ಕ್ರಮ ಹೀಗೆ. ಹೋಲಿಸಬೇಕಾದ ಗುಚ್ಛಗಳನ್ನು ಅಲ್ಪವಿರಾಮ ಹಾಕಿ ಪಕ್ಕಪಕ್ಕ ಕೊಡಿ. ಒಂದು ಗುಚ್ಛದಲ್ಲಿ ಐದು ಪದದವರೆಗೆ ಆಗುತ್ತದೆ. ‘ಇಂಗ್ಲಿಷ್’ ಎಂಬ ಒಟ್ಟು ಸಂಗ್ರಹ ಬಿಟ್ಟು ‘ಅಮೆರಿಕನ್ ಇಂಗ್ಲಿಷ್’, ‘ಬ್ರಿಟಿಷ್ ಇಂಗ್ಲಿಷ್’ ಎರಡನ್ನೂ ಬೇರೆ ಬೇರೆ ನೋಡಿ. ದೊಡ್ಡಕ್ಷರ-ಸಣ್ಣಕ್ಷರ ಭೇದ ಬಿಡುವ ಆಯ್ಕೆಯನ್ನು ಒತ್ತಿ, ಇಲ್ಲದಿದ್ದರೆ ವಾಕ್ಯದ ಮೊದಲಲ್ಲಿ ಬಂದವು ಲೆಕ್ಕಕ್ಕೆ ಸಿಗುವುದಿಲ್ಲ. ‘ಸ್ಮೂದಿಂಗ್’ ಮೊದಲೇ 3 ಎಂದಿರುತ್ತದೆ, ಅಂದರೆ ಆಚೀಚೆಯ ಮೂರು ಮೂರು ವರ್ಷದ ಸರಾಸರಿ. ಒಂದು ಪದ ಯಾವ ವರ್ಷ ಎದ್ದಿತು ಎಂದು ನೋಡುವಾಗ ಅದನ್ನು 0 ಮಾಡಿ.

ಉಚ್ಚಾರವನ್ನು ಪುಸ್ತಕದ ಎಣಿಕೆಯಲ್ಲಿ ಹಿಡಿಯಲಾಗದು ಅನ್ನಿಸಬಹುದು. ಒಂದು ಉಪಾಯವಿದೆ. ಸ್ವರದ ಮುಂದೆ ‘ಆ್ಯನ್’, ವ್ಯಂಜನದ ಮುಂದೆ ‘ಎ’ ಎಂಬುದು ಇಂಗ್ಲಿಷಿನ ಕಟ್ಟಳೆ. ಹಾಗಿದ್ದ ಮೇಲೆ ‘ಆ್ಯನ್ ಹೋಟೆಲ್’ ಎಂದು ಬರೆದವರಲ್ಲಿ ಬಹಳ ಮಂದಿ ಹಕಾರ ಬಿಟ್ಟು ‘ಓಟೆಲ್’ ಅನ್ನುತ್ತಿದ್ದರು, ಇಲ್ಲವೇ ಹಕಾರವನ್ನು ತೀರಾ ಹಗುರಾಗಿ ಹೇಳುತ್ತಿದ್ದರು. ‘ಆ್ಯನ್ ಹೋಟೆಲ್’, ‘ಎ ಹೋಟೆಲ್’ ಎರಡನ್ನೂ ಹಾಕಿ ನೋಡಿ, ಮೊದಲನೆಯದು ಕುಸಿದು ಎರಡನೆಯದು ಏರುವುದು ಕಣ್ಣಿಗೆ ಕಾಣುತ್ತದೆ. ‘ಹರ್ಬ್’ ಇನ್ನೂ ಸೊಗಸು: ಅಮೆರಿಕದ ಸಂಗ್ರಹದಲ್ಲಿ ‘ಆ್ಯನ್’ ಮುಂದು, ಬ್ರಿಟನ್ನಿನದರಲ್ಲಿ ‘ಎ’ ಮುಂದು. ಅಮೆರಿಕನ್ನರು ಹಕಾರ ತಿಂದು ‘ಅರ್ಬ್’ ಅನ್ನುತ್ತಾರೆ ಎಂದು ಬ್ರಿಟನ್ನಿನವರು ಆಡಿಕೊಳ್ಳುತ್ತಾರಲ್ಲ, ಅಮೆರಿಕದ್ದೇ ಹಳೆಯ ರೂಢಿ. ಹಕಾರ ಹಚ್ಚಿಕೊಂಡದ್ದು ಬ್ರಿಟನ್ನು, 19ನೇ ಶತಮಾನದಲ್ಲಿ, ಅಕ್ಷರ ನೋಡಿ. ಹಳಗನ್ನಡದ ‘ಪಾಲ್’ ‘ಹಾಲು’ ಆದದ್ದನ್ನು ನುಂಗಿಕೊಂಡ ಕನ್ನಡಿಗರಿಗೆ ಹಕಾರ ಬರುವುದು ಹೋಗುವುದು ಅಷ್ಟೇನೂ ದೊಡ್ಡ ವಿಷಯವಾಗಬಾರದು.

ಇನ್ನು ದಾರಿ ತಪ್ಪುವ ಕಡೆ. ‘ಡಿಸ್ಕಸ್ಡ್ ಅಬೌಟ್’ ಹಾಕಿದರೆ ಗೆರೆ ಬರುತ್ತದೆ. ಅದನ್ನು ತೋರಿಸಿ ‘ನೋಡಿ, ಇಂಗ್ಲಿಷರೂ ಬಳಸಿದ್ದಾರೆ’ ಅನ್ನುವ ಮುಂಚೆ ಆ ‘ಅಬೌಟ್’ ಯಾವುದು ಎಂದು ಕೇಳಿಕೊಳ್ಳಿ. ಸುಮಾರು ನಲವತ್ತು ಪ್ರಕರಣಗಳನ್ನು ಚರ್ಚಿಸಿದರು ಎಂಬಲ್ಲಿಯೂ ಇದೇ ಎರಡು ಪದ ಒಟ್ಟಿಗೆ ಬರುತ್ತವೆ, ಅಲ್ಲಿ ‘ಅಬೌಟ್’ ಅಂದರೆ ‘ಸುಮಾರು’. ‘ಡಿಫರೆಂಟ್ ಫ್ರಮ್’ ಬದಲು ಕೆಲವರು ಅನ್ನುವ ‘ಡಿಫರೆಂಟ್ ಟು’ ಕೂಡ ಹಾಗೆ: ‘ಅವನಿಗೆ ಬೇರೆ ಥರ ಕಂಡಿತು’ ಎಂಬ ವಾಕ್ಯದ ‘ಟು’ವನ್ನೂ ಅದು ಎಣಿಸುತ್ತದೆ. ಕೆಳಗಿರುವ ವರ್ಷದ ಕೊಂಡಿಗಳನ್ನು ಒತ್ತಿ ಪುಸ್ತಕದ ಸಾಲನ್ನೇ ಓದದೆ ಮಾತಾಡಬಾರದು. 1800ಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ‘ಎಸ್’ ಅಕ್ಷರವನ್ನು ಉದ್ದಕ್ಕೆ ‘ಎಫ್’ನಂತೆ ಅಚ್ಚು ಹಾಕುತ್ತಿದ್ದರು, ಯಂತ್ರ ‘ಬೆಸ್ಟ್’ ಅನ್ನು ‘ಬೆಫ್ಟ್’ ಎಂದು ಓದಿದ ಉದಾಹರಣೆ ಬೇಕಾದಷ್ಟಿದೆ. ಅರ್ಥ ಬದಲಾದದ್ದನ್ನು ಇದು ಹಿಡಿಯಲಾರದು. ‘ಲಿಟರಲಿ’ ಹೆಚ್ಚಾಗಿದೆ ಎಂದು ತೋರಿಸಬಹುದೇ ಹೊರತು, ಅದು ‘ಅಕ್ಷರಶಃ’ ಎಂಬ ಅರ್ಥದ್ದೋ ಉತ್ಪ್ರೇಕ್ಷೆಯದೋ ಎಂದು ಹೇಳದು. ಭಾರತೀಯ ಇಂಗ್ಲಿಷಿಗೆ ಬೇರೆ ಸಂಗ್ರಹವೂ ಇದರಲ್ಲಿಲ್ಲ.

ಆ ಕೊರತೆ ತುಂಬುವುದು ಗ್ಲೋಬ್. 2013ರಲ್ಲಿ ಮಾರ್ಕ್ ಡೇವಿಸ್ ಎಂಬ ಭಾಷಾವಿಜ್ಞಾನಿ ಹೊರತಂದದ್ದು. 20 ದೇಶಗಳ ಜಾಲಪುಟಗಳಿಂದ ಒಟ್ಟು ಮಾಡಿದ ಸುಮಾರು 190 ಕೋಟಿ ಪದ, ಅದರಲ್ಲಿ ಭಾರತದ್ದು ಸುಮಾರು 9.6 ಕೋಟಿ. ಹೆಸರು ನೋಂದಾಯಿಸಿದರೆ ಉಚಿತ, ದಿನಕ್ಕೆ ಇಷ್ಟೇ ಹುಡುಕಾಟ ಎಂಬ ಮಿತಿ ಇದೆ, ನಡುನಡುವೆ ಚಂದಾ ಕಟ್ಟಿ ಎಂಬ ಕೋರಿಕೆ ಬರುತ್ತದೆ. ಮುಖಪುಟ ನೋಡಿದರೆ ಲೆಕ್ಕಪತ್ರ ವಿಭಾಗದ ಹಳೆ ಸಾಫ್ಟ್‌ವೇರ್ ನೆನಪಾಗುತ್ತದೆ, ಹೆದರಬೇಡಿ. ‘ಚಾರ್ಟ್’ ಆರಿಸಿ, ಗುಚ್ಛ ಹಾಕಿ, ಒತ್ತಿ. ಕ್ರಿಯಾಪದವನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಅದರ ಎಲ್ಲ ರೂಪಗಳೂ, ‘ಡಿಸ್ಕಸ್, ಡಿಸ್ಕಸ್ಡ್, ಡಿಸ್ಕಸಿಂಗ್’, ಒಟ್ಟಿಗೆ ಸಿಗುತ್ತವೆ. ದೇಶವಾರು ಕಂಬಗಳು ಬರುತ್ತವೆ. ಒತ್ತಿದರೆ ವಾಕ್ಯಗಳು ಕಾಣುತ್ತವೆ, ‘ಸುಮಾರು’ ಅರ್ಥದವನ್ನು ಅಲ್ಲೇ ಕಳೆಯಬಹುದು.

ನೋಡಬೇಕಾದ್ದು ಒಟ್ಟು ಸಂಖ್ಯೆಯನ್ನಲ್ಲ, ಹತ್ತು ಲಕ್ಷ ಪದಕ್ಕೆ ಎಷ್ಟು ಎಂಬುದನ್ನು. ಬ್ರಿಟನ್, ಅಮೆರಿಕಗಳ ಪಾಲು ತಲಾ 38 ಕೋಟಿ ಪದಕ್ಕಿಂತ ಹೆಚ್ಚು, ಭಾರತದ ನಾಲ್ಕು ಪಟ್ಟು. ಬರೀ ಎಣಿಕೆ ಹೋಲಿಸಿದರೆ ಯಾವಾಗಲೂ ಅವರೇ ಮುಂದಿರುತ್ತಾರೆ. ‘ಡಿಸ್ಕಸ್ ಅಬೌಟ್’ ಏಷ್ಯಾ, ಆಫ್ರಿಕಾದ ದೇಶಗಳಲ್ಲಿ ಎತ್ತರದ ಕಂಬ, ಬ್ರಿಟನ್ ಅಮೆರಿಕಗಳಲ್ಲಿ ಗಿಡ್ಡ. ಅಂದಮೇಲೆ ಇದು ಕನ್ನಡ ಮೀಡಿಯಮ್ಮಿನವರ ತಪ್ಪು ಎಂದು ಮೂಗು ಮುರಿಯುವುದಕ್ಕೆ ಅರ್ಥವಿಲ್ಲ. ‘ಟಾಕ್ ಅಬೌಟ್’, ‘ಡಿಸ್ಕಷನ್ ಅಬೌಟ್’ ಇರುವಾಗ ‘ಡಿಸ್ಕಸ್’ಗೂ ಅದೇ ಬಾಲ ಹಚ್ಚಿಕೊಳ್ಳುವುದು ಎಲ್ಲ ಕಡೆಯ ಕಲಿಯುವವರೂ ಮಾಡುವ ಕೆಲಸ. ಆದರೆ ಐಇಎಲ್‌ಟಿಎಸ್ ಪರೀಕ್ಷೆಗೆ ಕೂತವರು, ಲಂಡನ್ನಿನ ಗಿರಾಕಿಗೆ ಮೇಲ್ ಬರೆಯುವವರು ಈ ಕಂಬ ತೋರಿಸಿ ಪಾರಾಗಲಾರರು. ಅಲ್ಲಿ ‘ಅಬೌಟ್’ ಅಳಿಸಿಬಿಡುವುದೇ ಕ್ಷೇಮ.

‘ಔಟ್ ಆಫ್ ಸ್ಟೇಷನ್’, ‘ಡೂ ದ ನೀಡ್‌ಫುಲ್’, ಷಡ್ಕನಿಗೆ ಹೇಳುವ ‘ಕೋ-ಬ್ರದರ್’, ‘ಇವತ್ತೇ’ ಎಂಬುದರ ನೆರಳಾದ ‘ಟುಡೇ ಇಟ್‌ಸೆಲ್ಫ್’, ಇವನ್ನೆಲ್ಲ ಪರೀಕ್ಷಿಸಲು ಈ ಐದರಲ್ಲಿ ಗ್ಲೋಬ್ ಒಂದೇ ಗತಿ. ‘ಪಾಸ್ಡ್ ಔಟ್’ ಮಾತ್ರ ಹಾಗೇ ಹಾಕಬೇಡಿ, ಮೂರ್ಛೆ ಹೋದವರೆಲ್ಲ ಬಂದು ಸೇರಿಕೊಳ್ಳುತ್ತಾರೆ. ಮುಂದೆ ‘ಫ್ರಮ್’ ಸೇರಿಸಿದರೆ ಕಾಲೇಜು ಮುಗಿಸಿದವರು ಬಹುಮಟ್ಟಿಗೆ ಬೇರೆಯಾಗುತ್ತಾರೆ. ಇದರ ದೊಡ್ಡ ಮಿತಿ ವಯಸ್ಸು: ಪುಟಗಳನ್ನು ಕೂಡಿಸಿದ್ದು 2012ರ ಡಿಸೆಂಬರಿನಲ್ಲಿ, ಆಮೇಲಿನ ಮಾತು ಇದರಲ್ಲಿಲ್ಲ. ನೂರಕ್ಕೆ ಸುಮಾರು 60 ಪಾಲು ಬ್ಲಾಗಿನಂಥ ಸಡಿಲ ಬರಹ. ಉಚ್ಚಾರ ಇಲ್ಲವೇ ಇಲ್ಲ.

ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಈ ಪಟ್ಟಿಯಲ್ಲಿಲ್ಲ, ಅದಕ್ಕೆ ಚಂದಾ ಬೇಕು. ಆದರೂ ಕೊನೆಯ ಸಾಕ್ಷಿ ಅದೇ. ಪ್ರತಿ ಅರ್ಥಕ್ಕೂ ಇಸವಿ ಸಮೇತ ಹಳೆಯ ವಾಕ್ಯಗಳು: ಉತ್ಪ್ರೇಕ್ಷೆಯ ‘ಲಿಟರಲಿ’ಗೆ 1769ರದ್ದು ಇದೆ, ನಮ್ಮ ‘ಪ್ರಿಪೋನ್’ಗೆ 1913ರ ನ್ಯೂಯಾರ್ಕ್ ಪತ್ರಿಕೆಯದ್ದು. ಭಾರತದಲ್ಲೇ ಹುಟ್ಟಿದ್ದು ಎಂದು ಹೆಮ್ಮೆಯನ್ನೋ ನಾಚಿಕೆಯನ್ನೋ ಪಟ್ಟವರಿಬ್ಬರಿಗೂ ಅದು ಬಿಸಿ. ವಿಶ್ವವಿದ್ಯಾಲಯದ ಗ್ರಂಥಾಲಯದ ಲಾಗಿನ್ ಇದ್ದರೆ ವಿಚಾರಿಸಿ. ಇಲ್ಲದಿದ್ದರೆ 1884ರಿಂದ 1928ರವರೆಗೆ ಬಂದ ಮೊದಲ ಆವೃತ್ತಿಯ ಸ್ಕ್ಯಾನುಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ. ಹಳೆಯ ಪದಕ್ಕೆ ಅವು ಸಾಕು; ‘ಪ್ರಿಪೋನ್’ನ ಈಗಿನ ಅರ್ಥವನ್ನು ಅವುಗಳಲ್ಲಿ ಹುಡುಕಬೇಡಿ.

ಒಂದು ಎಚ್ಚರಿಕೆ ಪಾಠ ಮಾಡುವವರಿಗೆ. ಉಚಿತ ತಾಣಗಳು ಯಾವಾಗ ಬೇಕಾದರೂ ಮುಚ್ಚಬಹುದು. ಲೆಕ್ಸಿಕೊ ಎಂಬ ನಿಘಂಟು ತಾಣ 2022ರ ಆಗಸ್ಟಿನಲ್ಲಿ ಹೋಯಿತು, ಮ್ಯಾಕ್‌ಮಿಲನ್ ನಿಘಂಟು 2023ರ ಜೂನ್ ಕೊನೆಗೆ. ಟಿಪ್ಪಣಿಯಲ್ಲಿ ಬರೀ ಕೊಂಡಿ ಅಂಟಿಸಬೇಡಿ. ತಾಣದ ಹೆಸರು, ನೋಡಿದ ತಿಂಗಳು, ಎಷ್ಟನೇ ಅರ್ಥ, ಪಕ್ಕದಲ್ಲಿದ್ದ ಚೀಟಿ ಯಾವುದು, ಎನ್‌ಗ್ರಾಮ್ ಆದರೆ ಯಾವ ಸಂಗ್ರಹ, ಸ್ಮೂದಿಂಗ್ ಎಷ್ಟು, ಇಷ್ಟನ್ನು ಜತೆಗೆ ಬರೆದಿಡಿ.